ಮೇಲೊಂದು ರೂಪಾಯಿ

ಸಚಿನನ ಸಂಕಟಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಮಾತಾಡುವ ಡಬ್ಬಿ. ಅದು ಅವನದ್ದೂ ಅಲ್ಲ, ಹೆಂಡತಿ ಸುಶ್ಮಿತಾಳ ಕುಪ್ಪಸದ ಖಣದ ಅಂಗಡಿಯದ್ದು. ಗಿರಾಕಿಗಳು ಫೋನಿನಿಂದ ರೊಕ್ಕ ಹಾಕಿದ ಕೂಡಲೇ ಎಷ್ಟು ಬಂತೆಂದು ಓಣಿಗೆಲ್ಲ ಕೇಳುವಂತೆ ಸಾರುತ್ತಿತ್ತು. ಖಾತೆ ಮಾತ್ರ ಸಚಿನನ ಹೆಸರಿನಲ್ಲಿತ್ತು. ಆ ಮನೆಯಲ್ಲಿ ಅವನ ಹೆಸರಿನಲ್ಲಿದ್ದ ಆಸ್ತಿ ಅದೊಂದೇ.

ಸಚಿನ ಇಳಕಲ್ಲಿನ ‘ಮಧುರಧ್ವನಿ ಮೆಲೋಡೀಸ್’ ಎಂಬ ವಾದ್ಯವೃಂದದ ಮಾಲೀಕ. ವೃಂದ ಅಂದರೆ ಮೂರೇ ಮಂದಿ. ಕೀಬೋರ್ಡ್ ಬಾರಿಸುವವನೂ ಹಾಡುವವನೂ ಸಚಿನನೇ, ಏಕೆಂದರೆ ಮೊದಲಿದ್ದ ಹಾಡುಗಾರ ಬಸ್ ಕಂಡಕ್ಟರ್ ಆಗಿ, ಈಗ ಹುನಗುಂದದ ದಾರಿಯಲ್ಲಿ ‘ಟಿಕೆಟ್, ಟಿಕೆಟ್’ ಎಂದು ಹಾಡುತ್ತಿದ್ದ. ಡ್ರಮ್ಮಿಗೆ ಅರ್ಬಾಜ. ಅವನ ಕೈ ಬಿದ್ದರೆ ಕೋಲು ಹಿಡಿದ ಮುದುಕರೂ ಕಾಲು ಕುಣಿಸುತ್ತಿದ್ದರು. ಕ್ಲಾರಿಯೋನೆಟ್ಟಿಗೆ ಅಹ್ಮದಸಾಬ. ವಯಸ್ಸು ಅರವತ್ತು ದಾಟಿತ್ತು, ಹಲ್ಲು ನಾಲ್ಕು ಹೋಗಿದ್ದವು, ಊದಲು ಬೇಕಾದವು ಇನ್ನೂ ಗಟ್ಟಿ ಇವೆ ಎಂಬ ಸಮಾಧಾನದಲ್ಲಿದ್ದರು.

ಇಂಥ ಮೂರು ಮಂದಿಯ ಸಂಸಾರಕ್ಕೆ ಬಾಗಲಕೋಟೆಯ ಒಂದು ಡಿಜೆ ಕಂಪನಿಯವರು ಕಲ್ಲು ಹಾಕಲು ಬಂದಿದ್ದರು. ಅರ್ಬಾಜನಿಗೆ ಕಾರ್ಯಕ್ರಮಕ್ಕೆ ಸಾವಿರ ರೂಪಾಯಿ ಕೊಡುತ್ತಾರಂತೆ, ಬಾಕ್ಸ್ ಎತ್ತಿಟ್ಟು ವಾಯರ್ ಸುತ್ತಿದರೆ ಆಯಿತಂತೆ.

“ಅಣ್ಣಾ, ಶಿರೂರಿನ ಮದಿವ್ಯಾಗ ನನಗ ಸಾವಿರ ಕೊಟ್ಟಿ ಅಂದ್ರ ಇಲ್ಲೇ ಇರ್ತೇನಿ. ಇಲ್ಲಾಂದ್ರ ಮರುದಿನದಿಂದ ನಾ ಡಿಜೆಕ್ಕ ಹೋಗ್ತೇನಿ,” ಎಂದು ಅರ್ಬಾಜ ಸಚಿನನ ಮುಖ ನೋಡದೆ ಹೇಳಿದ್ದ.

ಡ್ರಮ್ ಇಲ್ಲದ ಮದುವೆ ಬ್ಯಾಂಡು ಒಗ್ಗರಣೆ ಇಲ್ಲದ ಸಾರು. ಅರ್ಬಾಜ ಹೋದರೆ ಬ್ಯಾಂಡು ಮುಗಿಯಿತು, ಬ್ಯಾಂಡು ಮುಗಿದರೆ ಸಚಿನ ಹೆಂಡತಿಯ ಅಣ್ಣನ ಪವರ್‌ಲೂಮಿನ ಮುಂದೆ ಹೋಗಿ ನಿಲ್ಲಬೇಕು. ಅಲ್ಲಿ ಸದ್ದುಂಟು, ತಾಳವೂ ಉಂಟು, ರಾಗ ಮಾತ್ರ ಇಲ್ಲ. ಅದನ್ನು ನೆನೆದರೆ ಅವನಿಗೆ ಅಳು ಬರುತ್ತಿತ್ತು.

ಶಿರೂರಿನ ಮದುವೆಯ ಬುಕಿಂಗ್ ತಂದವರು ಪಕ್ಕದ ಮನೆಯ ಚಂದ್ರಶೇಖರಪ್ಪ. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಒಲೆ ಆರಿಸಲು ಓಡುವವರು. ರೇಟಿನ ಮಾತು ನಡೆದದ್ದು ಅವರ ಫೋನಿನಲ್ಲೇ. ಆ ಕಡೆ ಹೆಣ್ಣಿನ ತಂದೆ ದೇವಪ್ಪ.

“ಹನ್ನೆರಡು ಸಾವಿರರಿ,” ಎಂದ ಸಚಿನ.

“ಎಷ್ಟು ಮಂದಿ ಬರ್ತೀರಿ?”

“ಮೂರು ಮಂದಿರಿ.”

“ಮೂರು ಮಂದಿ ದಿನಾಪೂರ್ತಿ ನನ್ನ ಹೊಲದಾಗ ದುಡದ್ರೂ ಎರಡು ಸಾವಿರ ಆಗಂಗಿಲ್ಲ. ನೀವು ನೆಳ್ಳಾಗ ನಿಂತು ಬಾರಸವ್ರು.”

ಸಚಿನ ಬಾಯಿ ತೆರೆಯುವಷ್ಟರಲ್ಲೇ ಚಂದ್ರಶೇಖರಪ್ಪ ಫೋನಿಗೆ ಬಾಯಿ ಕೊಟ್ಟರು. “ದೇವಪ್ಪನವರ, ನಮ್ಮ ಹುಡುಗ ಅದಾನ. ಎಂಟಕ್ಕ ಮಾಡ್ತಾನ ತಗೋರಿ.”

“ಎಂಟು ಭಾಳ ಆತು.”

“ಹಂಗಾರ ಐದು.”

ದೇವಪ್ಪ ಸುಮ್ಮನಿದ್ದರು. ಚಂದ್ರಶೇಖರಪ್ಪನವರಿಗೆ ಯಾರಾದರೂ ಸುಮ್ಮನಿದ್ದರೆ ಸಹಿಸಲಾಗುವುದಿಲ್ಲ. ಆ ಮೌನಕ್ಕೆ ಹೆದರಿ ನಾಲ್ಕಕ್ಕೆ ಇಳಿದರು, ಆಮೇಲೆ ಮೂರಕ್ಕೆ. ಕೊನೆಗೆ ದೇವಪ್ಪನವರಿಗೇ ಪಾಪ ಅನ್ನಿಸಿರಬೇಕು. “ಆತು, ಮೂರು ಸಾವಿರ. ಮ್ಯಾಲಿನ ಬಕ್ಷೀಸು ಎಷ್ಟ ಬರ್ಲಿ, ಎಲ್ಲಾ ನಿಮ್ಮದ. ಅದರಾಗ ನನಗ ಪಾಲು ಬ್ಯಾಡ,” ಎಂದರು.

ಫೋನಿಟ್ಟ ಚಂದ್ರಶೇಖರಪ್ಪ ಗೆದ್ದ ಮುಖ ಮಾಡಿ, “ನೋಡಿದಿ? ಮಾತಾಡೂ ರೀತಿಲೆ ಮಾತಾಡಿದ್ರ ಕೆಲಸ ಆಗತೈತಿ,” ಎಂದರು.

ಟಂಟಂ ಗಾಡಿಯ ಬಾಡಿಗೆಗೇ ಒಂದೂವರೆ ಸಾವಿರ ಬೇಕು. ಉಳಿದದ್ದರಲ್ಲಿ ಮೂವರು. ಇನ್ನು ನಂಬಿಕೆಯೆಲ್ಲ ಬಕ್ಷೀಸಿನ ಮೇಲೆ. ಕುಣಿಯುವವರು ಮದುಮಗನ ತಲೆಯ ಸುತ್ತ ನೋಟು ಓವಾಳಿಸಿ ಬ್ಯಾಂಡಿನವರ ಕೈಗಿಡುವುದು ನಮ್ಮ ಕಡೆಯ ಪದ್ಧತಿ. ಆದರೆ ಈಗ ಯಾರ ಕಿಸೆಯಲ್ಲಿ ನೋಟು ಇರುತ್ತದೆ? ಎಲ್ಲರ ಕಿಸೆಯಲ್ಲೂ ಫೋನು. ಹಾಗಾಗಿ ಸಚಿನ ಹೆಂಡತಿಯ ಮುಂದೆ ನಿಂತು ಡಬ್ಬಿ ಬೇಡಿದ.

“ಒಯ್ರಿ. ಸಂಜಿಕ ದೀಪ ಹಚ್ಚೂದ್ರಾಗ ಅಂಗಡ್ಯಾಗ ಇರಬೇಕು,” ಎಂದಳು ಸುಶ್ಮಿತಾ. “ಹೋದ ಸಲ ಛತ್ರಿ ಒಯ್ದಂಗ ಮಾಡಬ್ಯಾಡ್ರಿ.”

ಮದುವೆಯ ದಿನ ಮುಂಜಾನೆ ಟಂಟಂ ಹೊರಟಿತು. ಹಿಂದೆ ಸ್ಪೀಕರು, ಡ್ರಮ್ಮು, ಅವುಗಳ ನಡುವೆ ಮೂವರು ಕಲಾವಿದರು. ಮುಂದೆ ಚಾಲಕನ ಪಕ್ಕದಲ್ಲಿ, ಯಾರೂ ಕರೆಯದಿದ್ದರೂ ಇಸ್ತ್ರಿ ಅಂಗಿ ಹಾಕಿಕೊಂಡು ಚಂದ್ರಶೇಖರಪ್ಪ. “ನಾ ಇಲ್ಲದ ನಿಮಗ ಅಲ್ಲಿ ಯಾರು ಗುರ್ತು ಹಿಡೀತಾರ,” ಎಂಬುದು ಅವರ ವಾದ.

ದೇವಪ್ಪನವರ ಮನೆಯ ಮುಂದೆ ದೊಡ್ಡ ಹಂದರ. ಒಳಗೆ ಹೋಗುವ ಬಾಯಿಯಲ್ಲೇ ಬ್ಯಾಂಡಿಗೆ ಜಾಗ. ಆ ತುದಿಯಲ್ಲಿ, ವೇದಿಕೆಯ ಮಗ್ಗುಲಲ್ಲಿ, ಆಯೇರಿ, ಅಂದರೆ ಮದುವೆಯ ಉಡುಗೊರೆ, ಬರೆದುಕೊಳ್ಳಲು ದೇವಪ್ಪನವರ ಹಿರಿಯ ಅಳಿಯ ಸಿದ್ದಾರ್ಥ ಟೇಬಲ್ ಹಾಕಿಕೊಂಡು ಕೂತಿದ್ದ. ಸಚಿನ ಸ್ಪೀಕರಿನ ಮೇಲೆ ಒಂದು ಟವೆಲ್ ಹಾಸಿ ಡಬ್ಬಿ ಇಟ್ಟ. ಡ್ರಮ್ಮಿನ ಸದ್ದಿನಲ್ಲಿ ಡಬ್ಬಿಯ ದನಿ ಕೇಳಲಿಕ್ಕಿಲ್ಲವೆಂದು ಅರ್ಬಾಜ ಅದರ ಬಾಯಿಗೆ ಒಂದು ಮೈಕ್ ಹಿಡಿಸಿದ. ಬುದ್ಧಿವಂತಿಕೆ ಅಂದರೆ ಇದು ಎಂದು ಇಬ್ಬರೂ ನಕ್ಕರು.

ಬೀಗರ ದಿಬ್ಬಣ ಬಂತು. ಅರ್ಬಾಜನ ಕೈ ಬಿತ್ತು, ಹುಡುಗರು ಕುಣಿದರು. ಅವರಲ್ಲೊಬ್ಬ ಮದುಮಗನ ತಲೆಯ ಸುತ್ತ ಮೂರು ಸಲ ಫೋನು ಓವಾಳಿಸಿ, ಬಂದು ಡಬ್ಬಿಗೆ ಹಿಡಿದ.

“ಐವತ್ತು ರೂಪಾಯಿ ಸ್ವೀಕರಿಸಲಾಗಿದೆ,” ಎಂದು ಬೆಂಗಳೂರು ಕಡೆಯ ಹೆಣ್ಣುಮಗಳ ಸಿಹಿ ದನಿಯಲ್ಲಿ ಸ್ಪೀಕರು ಸಾರಿತು. ಹಂದರಕ್ಕೆ ಹಂದರವೇ ತಿರುಗಿ ನೋಡಿತು. ಇನ್ನೊಬ್ಬ ನೂರು ಹಾಕಿದ. ಮತ್ತೊಬ್ಬ ಇಪ್ಪತ್ತು ಹಾಕಿ, ಅದೂ ಸ್ಪೀಕರಿನಲ್ಲಿ ಬಂದದ್ದಕ್ಕೆ ನಾಚಿ ಗುಂಪಿನಲ್ಲಿ ಮಾಯವಾದ.

ಅಕ್ಷತೆ ಬಿತ್ತು. ಮಂದಿ ಊಟಕ್ಕೆ ಏಳುವ ಮೊದಲು ಒಂದು ಗಳಿಗೆ ಸದ್ದಡಗಿತು. ಯಾರೂ ಮಾತಾಡುತ್ತಿಲ್ಲ ಎಂಬುದು ಚಂದ್ರಶೇಖರಪ್ಪನವರ ಗಮನಕ್ಕೆ ಬಂತು. ಸಚಿನ ಹಾಡುವ ಮೈಕನ್ನೇ ಕಸಿದುಕೊಂಡು, “ಬಂಧು ಬಾಂಧವರಲ್ಲಿ ವಿನಂತಿ. ಆಯೇರಿ ಮಾಡುವವರು ಮಾಡಬಹುದು,” ಎಂದುಬಿಟ್ಟರು.

ಎಲ್ಲಿ ಮಾಡಬೇಕು ಎಂದು ಅವರು ಹೇಳಲಿಲ್ಲ. ಮಂದಿಗೆ ಕೇಳುವ ಅಗತ್ಯವೂ ಬೀಳಲಿಲ್ಲ. ಮೈಕಿನಲ್ಲಿ ಯಾರ ಆಯೇರಿ ಎಷ್ಟು ಎಂದು ಕೂಗುವುದು ನಮ್ಮ ಮದುವೆಗಳಲ್ಲಿ ಎಂದಿನಿಂದಲೂ ಇದ್ದದ್ದೇ. ಇಲ್ಲಿ ಡಬ್ಬಿಯೇ ಕೂಗುತ್ತಿದೆ, ದೇವಪ್ಪ ಹೊಸ ಕಾಲದ ವ್ಯವಸ್ಥೆ ಮಾಡಿದ್ದಾನೆ ಎಂದುಕೊಂಡರು. ಜರಿ ಪಟಕಾ ಸುತ್ತಿದ ತುಳಸಿಗೇರಿಯ ಹಿರಿಯರೊಬ್ಬರು ಬಂದು ಅರ್ಬಾಜನನ್ನು ಕೇಳಿದರು.

“ಇಲ್ಲೇ ಹಾಕೂದೇನೋ ತಮ್ಮಾ?”

“ಹೌದ್ರಿ ಯಜಮಾನ್ರ, ಇಲ್ಲೇ ಹಾಕ್ರಿ,” ಎಂದ ಅರ್ಬಾಜ. ಬಕ್ಷೀಸು ಕೊಡಲು ಬಂದವರಿಗೆ ಬೇರೆ ಯಾರು ಏನು ಹೇಳಿಯಾರು?

“ಐದು ನೂರ ಒಂದು ರೂಪಾಯಿ ಸ್ವೀಕರಿಸಲಾಗಿದೆ,” ಎಂದಿತು ಡಬ್ಬಿ.

“ತುಳಸಿಗೇರಿ ಬೀಗರಿಂದ ಐನೂರಾ ಒಂದು,” ಎಂದು ಬಾಲ ಸೇರಿಸಿದರು ಚಂದ್ರಶೇಖರಪ್ಪ.

ಇನ್ನು ಕೇಳಬೇಕೆ? ತುಳಸಿಗೇರಿಯವರು ಐನೂರಾ ಒಂದು ಹಾಕಿದ ಮೇಲೆ ಕುಳಗೇರಿ ಕ್ರಾಸಿನ ಸಿಮೆಂಟ್ ಅಂಗಡಿಯವರು ಕಡಿಮೆ ಹಾಕಲಾದೀತೆ? ಅವರು ಸಾವಿರದ ಒಂದು ಹಾಕಿದರು. ನೂರಾ ಒಂದು ಹಾಕಿ ಹೋಗೋಣವೆಂದು ಬಂದವರು ಸ್ಪೀಕರಿನ ಕಡೆ ನೋಡಿ, ಉಗುಳು ನುಂಗಿ, ಇನ್ನೂರಾ ಐವತ್ತೊಂದು ಮಾಡಿದರು. ಡಬ್ಬಿಯ ಮುಂದೆ ಸಾಲು ಹತ್ತಿತು.

ಸಚಿನನ ಕಣ್ಣು ಒದ್ದೆಯಾದವು. ಹತ್ತು ವರ್ಷದಿಂದ ಬಾರಿಸುತ್ತಿದ್ದರೂ ಶಿರೂರಿನ ಮಂದಿಗೆ ಸಂಗೀತವೆಂದರೆ ಇಷ್ಟು ಪ್ರಾಣ ಎಂದು ಅವನಿಗೆ ತಿಳಿದಿರಲಿಲ್ಲ. ಇನ್ನೊಂದು ಮೈಕ್ ಹುಡುಕಿಕೊಂಡು ಆಗಲೇ ಎರಡು ಸಲ ಹಾಡಿದ್ದ ಹಾಡನ್ನೇ ಮೂರನೆಯ ಸಲ ಹಾಡಿದ. ಕೀಬೋರ್ಡಿನ ಕೆಟ್ಟುಹೋದ ಕೀಗಳನ್ನೂ ಬಿಡದೆ ಒತ್ತಿದ.

ಅರ್ಬಾಜ ಬಾರಿಸುತ್ತಲೇ ಬಗ್ಗಿ, “ಅಣ್ಣಾ, ನಾ ಎಲ್ಲೂ ಹೋಗಂಗಿಲ್ಲ. ಡಿಜೆ ಅಂದ್ರ ಏನು, ಬರೇ ವಾಯರ್,” ಎಂದ. ಸಚಿನನಿಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಅಹ್ಮದಸಾಬರು ಮಾತ್ರ ಕ್ಲಾರಿಯೋನೆಟ್ಟನ್ನು ಬಾಯಿಂದ ತೆಗೆದರು. “ಸಚಿನಾ, ಹುಡುಗ ಇದ್ದಾಗಿಂದ ಮದಿವ್ಯಾಗ ಊದಾಕತ್ತೇನಿ. ಬಕ್ಷೀಸು ಹತ್ತು ಕೊಡ್ತಾರ, ಐವತ್ತು ಕೊಡ್ತಾರ, ಭಾಳ ಖುಷಿ ಆದ್ರ ನೂರು. ಐನೂರಾ ಒಂದು ಯಾರೂ ಕೊಟ್ಟಿಲ್ಲ. ಈ ಮ್ಯಾಲಿಂದೊಂದು ರೂಪಾಯಿ ಯಾಕ ಬರಾಕತ್ತೈತಿ?”

“ಚಾಚಾ, ಈಗಿನ ಮಂದಿದು ದೊಡ್ಡ ಮನಸು. ನೀವು ಊದ್ರಿ,” ಎಂದ ಸಚಿನ. ಆಗಲೇ ಅವನಿಗೆ ಒಳಗೊಳಗೆ ಗೊತ್ತಾಗಿತ್ತು ಎಂದು ನನ್ನ ಅನುಮಾನ. ಈಗ ಕೇಳಿದರೆ ಅವನು ಒಪ್ಪುವುದಿಲ್ಲ.

ಅತ್ತ ಸಿದ್ದಾರ್ಥನ ಟೇಬಲ್ಲಿಗೆ ಎರಡು ಸ್ಟೀಲ್ ಡಬರಿ, ಒಂದು ಗೋಡೆ ಗಡಿಯಾರ ಬಂದಿದ್ದವು. ಅವನು ಗಡಿಯಾರವನ್ನೇ ತಲೆದಿಂಬು ಮಾಡಿಕೊಂಡು ತೂಕಡಿಸುತ್ತಿದ್ದ. ಇದನ್ನು ಕಂಡ ದೇವಪ್ಪನವರ ಹೆಂಡತಿ ಇಂದ್ರವ್ವ ಗಂಡನನ್ನು ಕರೆದು, “ಮಂದಿ ನೋಡಿದ್ರ ಹಂದರ ತುಂಬ್ಯಾರ. ಆಯೇರಿ ಎಲ್ಲಿ?” ಎಂದು ಕೇಳಿದರು. ದೇವಪ್ಪ ಮೀಸೆ ತಿರುವುತ್ತ ಹಂದರವನ್ನೆಲ್ಲ ಕಣ್ಣಾಡಿಸಿದರು. ಹಂದರದ ಬಾಯಲ್ಲಿ ಸಾಲು ಕಂಡಿತು. ಸಾಲಿನ ತುದಿಯಲ್ಲಿ ಡಬ್ಬಿ ಕಂಡಿತು.

ಅವರು ಬಂದು ನಿಂತಾಗ ಡ್ರಮ್ಮು ತಾನಾಗಿ ನಿಂತಿತು.

“ನನ್ನ ಮಗಳು ಪ್ರಿಯದರ್ಶಿನಿದು ಮದಿವಿ, ನಿನ್ನ ಡಬ್ಬಿಗೆ ಆಯೇರಿ. ಇದು ಯಾವ ಊರ ಪದ್ಧತಿ ತಮ್ಮಾ?”

“ಬಕ್ಷೀಸು ಎಲ್ಲಾ ನಿಮ್ಮದ ಅಂದಿದ್ರೆಲ್ಲರಿ,” ಎಂದ ಸಚಿನ, ತನಗೇ ಕೇಳದಷ್ಟು ಸಣ್ಣ ದನಿಯಲ್ಲಿ.

“ಬಕ್ಷೀಸು ಅಂದಿದ್ದೆ. ಸಾವಿರದ ಒಂದು ಬಕ್ಷೀಸು ಯಾರ ಕೊಡ್ತಾರ? ಅದೂ ನಿನ್ನ ಹಾಡು ಕೇಳಿ?”

ಈ ಕೊನೆಯ ಮಾತು ಸಚಿನನನ್ನು ರೊಕ್ಕ ಹೋಗುವುದಕ್ಕಿಂತ ಹೆಚ್ಚು ನೋಯಿಸಿತು. ಫೋನು ತೆಗೆದು ನೋಡಿದರು. ಮೂವತ್ತೆಂಟು ಸಾವಿರದ ಮೇಲಿತ್ತು. ಯಾವುದು ಯಾರದ್ದು ಎಂದು ಗದ್ದಲವಾಗುವಷ್ಟರಲ್ಲಿ ಚಂದ್ರಶೇಖರಪ್ಪ ಪಂಚರಾಗಿ ನಡುವೆ ನಿಂತರು.

“ಸುಮ್ಮಕಿರ್ರಿ ಎಲ್ಲಾರೂ. ದುಂಡಗ ಇದ್ದ ರೊಕ್ಕ ಬಕ್ಷೀಸು, ಅದು ಹುಡುಗಂದು. ಮ್ಯಾಲೊಂದು ರೂಪಾಯಿ ಇದ್ದದ್ದು ಆಯೇರಿ, ಅದು ದೇವಪ್ಪನವರದು. ಬರೋಬ್ಬರಿ ಐತಿಲ್ಲ?”

“ಬರೋಬ್ಬರಿ ಐತಿ,” ಎಂದರು ದೇವಪ್ಪ. ಸುತ್ತಲಿನ ಹಿರಿಯರೂ ಬರೋಬ್ಬರಿ ಎಂದರು. ಹಾಗೆ ಆರಿಸಿದಾಗ ದುಂಡಗಿನವು ಮೂರೇ ಉಳಿದವು: ಐವತ್ತು, ನೂರು, ಆ ನಾಚಿಕೆಯ ಹುಡುಗನ ಇಪ್ಪತ್ತು. ಉಳಿದದ್ದೆಲ್ಲ ಅಲ್ಲೇ ದೇವಪ್ಪನವರ ಖಾತೆಗೆ ಹೋಯಿತು. ದೇವಪ್ಪ ಮಾತಿಗೆ ತಪ್ಪುವವರಲ್ಲ, ಒಪ್ಪಿಕೊಂಡಿದ್ದನ್ನು ತಮ್ಮ ಫೋನಿನಿಂದ ಕೂಡಲೇ ಹಾಕಿದರು. “ಮೂರು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ,” ಎಂದು ಡಬ್ಬಿ ಹಂದರಕ್ಕೆಲ್ಲ ಸಾರಿತು. ಇಷ್ಟೇನಾ ಎಂಬಂತೆ ನಾಲ್ಕು ಮಂದಿ ನಕ್ಕರು.

ಊಟಕ್ಕೆ ಕೂತಾಗ ದೇವಪ್ಪ ಪಂಕ್ತಿಯಿಂದ ಪಂಕ್ತಿಗೆ ಹೋಗಿ ಒಬ್ಬೊಬ್ಬರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಹೇಳಿಸಿಕೊಂಡವರು ಸಚಿನನ ಕಡೆ ತಿರುಗಿ ತಲೆಯಾಡಿಸುತ್ತಿದ್ದರು. ಡಬ್ಬಿಯ ಕತೆ ಹೇಳಿ ನಗುತ್ತಿದ್ದಾರೆಂದು ತಿಳಿದ ಸಚಿನ ತಲೆ ಎತ್ತದೆ ಹೋಳಿಗೆ ಮುರಿದ.

ವಾಪಸ್ ದಾರಿಯಲ್ಲಿ ಟಂಟಂನಲ್ಲೇ ಲೆಕ್ಕ ಹಾಕಿದರು. ಬಾಡಿಗೆ ಕಳೆದು ಹಂಚಿದರೆ ತಲೆಗೆ ಐನೂರು ಚಿಲ್ಲರೆ. ಅಮೀನಗಡದಲ್ಲಿ ಚಹಾಕ್ಕೆ ಇಳಿದಾಗ ಅರ್ಬಾಜ ಬಸಿಯನ್ನೇ ನೋಡುತ್ತ, “ಅಣ್ಣಾ, ತಪ್ಪು ತಿಳಕೋಬ್ಯಾಡ. ನಾಳಿಂದ…” ಎಂದು ಶುರುಮಾಡಿದ. ಅಷ್ಟರಲ್ಲಿ ಸಚಿನನ ಫೋನು ಹೊಡೆದುಕೊಂಡಿತು.

“ನಾ ತುಳಸಿಗೇರಿಯವ. ಶಿರೂರಾಗ ಇದ್ನೆಲ್ಲ, ಪಟಕಾದಾಂವ. ಬರೂ ಸೋಮವಾರ ನಮ್ಮ ಮಗನ ಮದಿವಿ. ನಿಮ್ಮ ಬ್ಯಾಂಡ ಬಂದು ಬಾರಸಬೇಕು.”

ಸಚಿನನಿಗೆ ಚಹಾ ನೆತ್ತಿಗೇರಿತು. “ಬರ್ತೇವಿರಿ. ಆದ್ರ ರೇಟು…”

“ಏ, ರೊಕ್ಕದ ಮಾತು ನಮ್ಮ ನಿಮ್ಮ ನಡುವ ಬ್ಯಾಡ್ರಿ,” ಎಂದು ಹಿರಿಯರು ಫೋನಿಟ್ಟರು.

ಹತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಚೌಕಾಸಿ ಮಾಡದೆ ಬ್ಯಾಂಡ್ ಕರೆದಿದ್ದ. ಹಾಡಿಗೆ ಬೆಲೆ ಕೊಡುವವರು ಇದ್ದಾರೆ ಎಂದು ಸಚಿನ ಚಹಾ ಅಂಗಡಿಯವನಿಗೂ ಹೇಳಿದ. ಐದು ನಿಮಿಷಕ್ಕೆ ಕುಳಗೇರಿ ಕ್ರಾಸಿನಿಂದ ಫೋನು: ಹೊಸ ಅಂಗಡಿ ಪೂಜೆ, ಬುಧವಾರ. ಅವರೂ ರೇಟಿನ ಮಾತೆತ್ತಲು ಬಿಡಲಿಲ್ಲ. ಟಂಟಂ ಹುನಗುಂದ ಮುಟ್ಟುವುದರಲ್ಲಿ ಗುರುವಾರ ಹೋಯಿತು, ಶುಕ್ರವಾರ ಹೋಯಿತು, ಮುಂದಿನ ವಾರವೂ ತುಂಬತೊಡಗಿತು. ಅಹ್ಮದಸಾಬರು ಸುಮ್ಮನೆ ಗಡ್ಡ ಕೆರೆದುಕೊಂಡರು.

ಅರ್ಬಾಜ ತಡೆಯಲಾರದೆ ಡಿಜೆ ಕಂಪನಿಗೆ ಫೋನು ಮಾಡಿದ. “ನನಗ ಪುರಸೊತ್ತಿಲ್ಲರಿ. ನಮ್ಮ ಸೀಜನ್ ಪೂರಾ ಬುಕ್ ಆಗೇತಿ. ನಿಮ್ಮ ವಾಯರ್ ನೀವ ಸುತ್ತಿಕೊಳ್ರಿ.” ಆ ಕಡೆಯವರು ಏನಂದರೋ, ಇವನು ಅದಕ್ಕಿಂತ ಒಂದು ಕೈ ಮೇಲಾಗಿಯೇ ಅಂದು ಫೋನಿಟ್ಟ. ಮುಂದೆಂದೂ ಅವರು ಇವನನ್ನು ಕರೆಯದಂತೆ ವ್ಯವಸ್ಥೆಯಾಯಿತು.

ದೀಪ ಹಚ್ಚುವ ಹೊತ್ತಿಗೆ ಡಬ್ಬಿ ಸುಶ್ಮಿತಾಳ ಅಂಗಡಿಯಲ್ಲಿ ತನ್ನ ಜಾಗದಲ್ಲಿ ಕೂತಿತು. ಸಚಿನ ಸುದ್ದಿಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಆಕೆ ಖಣ ಮಡಚುತ್ತ ಕೇಳಿದಳು.

“ರೇಟು ಎಷ್ಟು ಹೇಳಿದ್ರಿ?”

“ರೊಕ್ಕದ ಮಾತ ಬ್ಯಾಡ ಅಂದ್ರು ಎಲ್ಲಾರೂ.”

“ಯಾಕ ಅಂದ್ರು?”

ಈ ಪ್ರಶ್ನೆ ಅಮೀನಗಡದಿಂದ ಇಳಕಲ್ಲಿನವರೆಗೆ ಯಾರಿಗೂ ಹೊಳೆದಿರಲಿಲ್ಲ. ಸಚಿನ ತುಳಸಿಗೇರಿಗೆ ಫೋನು ಹಚ್ಚಿದ.

“ರೇಟು?” ಹಿರಿಯರ ದನಿಯಲ್ಲಿ ಖರೆ ಆಶ್ಚರ್ಯವಿತ್ತು. “ನಾ ನಿಮಗ ಐನೂರಾ ಒಂದು ಆಯೇರಿ ಮಾಡೇನಲ್ಲರಿ. ನನ್ನ ಫೋನಿನ್ಯಾಗ ನಿಮ್ಮ ಹೆಸರ ಐತಿ. ಊಟದಾಗ ದೇವಪ್ಪನ್ನ ಕೇಳಿದೆ, ಮುಯ್ಯಿ ಯಾರ ತೀರಸ್ತೀರಿ ಅಂತ. ಡಬ್ಬಿ ಯಾರದೋ ಮುಯ್ಯಿ ಅವರದು, ಸಚಿನ ತೀರಸ್ತಾನ ಅಂದ.”

ಆಯೇರಿ ಅಂದರೆ ಪುಕ್ಕಟೆ ಕೊಡುವುದಲ್ಲ. ಇಂದು ನಿಮ್ಮ ಮನೆಯಲ್ಲಿ ಇಟ್ಟದ್ದನ್ನು ನಾಳೆ ನಮ್ಮ ಮನೆಯ ಕಾರ್ಯದಲ್ಲಿ ನೀವು ತಂದು ತೀರಿಸಬೇಕು. ಇದಕ್ಕೇ ಮುಯ್ಯಿ ಎನ್ನುವುದು. ಸಾಲ ಮರೆತವನನ್ನು ನಮ್ಮ ಮಂದಿ ಕ್ಷಮಿಸಿಯಾರು, ಮುಯ್ಯಿ ಮರೆತವನನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ.

“ಆ ರೊಕ್ಕ ಎಲ್ಲಾ ದೇವಪ್ಪನವರಿಗೆ ಕೊಟ್ಟೇನಿರಿ,” ಎಂದ ಸಚಿನ.

“ಅದು ನಿಮ್ಮ ಅವರ ವ್ಯವಹಾರ. ನಮಗೇನು ರೊಕ್ಕ ಬ್ಯಾಡರಿ. ಬಂದು ಒಂದೊಪ್ಪತ್ತು ಬಾರಿಸಿ, ಉಂಡು ಹೋದ್ರ ಮುಯ್ಯಿ ತೀರತು.”

ಸಚಿನ ಫೋನು ಕೆಳಗಿಟ್ಟು ಗಾದಿಯ ಮೇಲೆ ಕುಸಿದ. ಕುಳಗೇರಿ ಕ್ರಾಸ್, ಗುರುವಾರ, ಶುಕ್ರವಾರ, ಮುಂದಿನ ವಾರ, ಎಲ್ಲವೂ ಅವನ ಕಣ್ಣ ಮುಂದೆ ಸಾಲಾಗಿ ನಿಂತವು. ಒಂದೊಂದಕ್ಕೂ ಟಂಟಂ ಬಾಡಿಗೆ ಬೇರೆ. ಅಷ್ಟರಲ್ಲಿ ಅರ್ಬಾಜ ಅರ್ಧ ಕಿಲೋ ಕರದಂಟು ಹಿಡಿದುಕೊಂಡು ನಗುತ್ತ ಅಂಗಡಿಗೆ ಬಂದ. “ವೈನಿ, ಬಾಯಿ ಸಿಹಿ ಮಾಡ್ರಿ,” ಎಂದ. ಅವನಿಗೆ ಹೇಗೆ ಹೇಳುವುದೆಂದು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಂದೇ ಸಮಾಧಾನವಿತ್ತು. ದೇವಪ್ಪನವರ ಮೂರು ಸಾವಿರ ಮಾತ್ರ ಬೆವರಿನ ರೊಕ್ಕ. ಅದು ಯಾರ ಮುಯ್ಯಿಯೂ ಅಲ್ಲ.

“ಒಂದು ರೂಪಾಯಿ ಸ್ವೀಕರಿಸಲಾಗಿದೆ,” ಎಂದಿತು ಡಬ್ಬಿ.

ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ಮೂವರೂ ಡಬ್ಬಿಯ ಕಡೆ ನೋಡುತ್ತಿರುವಾಗ ಫೋನು ಬಡಿದುಕೊಂಡಿತು. ದೇವಪ್ಪನವರು.

“ಸಚಿನಾ, ಒಂದು ರೂಪಾಯಿ ಬಂತಿಲ್ಲೋ? ಮಗಳ ಮದಿವ್ಯಾಗ ದುಂಡಗ ಮೂರು ಸಾವಿರ ಕೊಟ್ಟೀರಿ, ಚಲೋ ಅಲ್ಲ ಅಂತ ಇಂದ್ರವ್ವ ಗಂಟು ಬಿದ್ಲು. ಅದಕ್ಕ ಮ್ಯಾಲೊಂದು ಹಾಕೇನಿ. ಈಗ ಮೂರು ಸಾವಿರದ ಒಂದು ಆತು.”

“ಆತ್ರಿ,” ಎಂದ ಸಚಿನ.

“ನಮ್ಮ ಸಣ್ಣಾಕಿ ರಾಧಿಕಾಂದೂ ಗಟ್ಟಿ ಆಗೇತಿ, ಮುಂದಿನ ತಿಂಗಳ ಮದಿವಿ. ಮುಯ್ಯಿ ತೀರಸಾಕ ಮೂರೂ ಮಂದಿ ಬಂದುಬಿಡ್ರಿ. ಆ ಡಬ್ಬಿ ಒಂದು ಮನ್ಯಾಗ ಬಿಟ್ಟು ಬರ್ರಿ.”